ಬಾಟಲಿಯ ಹಿಂಬದಿ ತಿರುಗಿಸಿ ನೋಡಿ

ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ ಮಧ್ಯಾಹ್ನದ ಮೇಲೆ ಔಷಧಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಳ್ಳಿಗಳಿಂದ ಬಂದವರು ದುಡ್ಡು ಎಣಿಸಿಕೊಂಡು, ಗೊಬ್ಬರ, ದಿನಸಿ ಎಲ್ಲ ಮುಗಿಸಿ, ಇನ್ನೇನು ಬಸ್ಸು ಹೊರಡಬೇಕು ಅನ್ನುವಾಗ ಕೌಂಟರಿಗೆ ಬರುತ್ತಾರೆ. "ಮಗೀಗೆ ಜ್ವರ ಕಣಣ್ಣ, ಒಳ್ಳೇದು ಏನಾರ ಕೊಡಿ." ಮಗು ಊರಿನಲ್ಲಿ ಅಜ್ಜಿಯ ಹತ್ತಿರ ಇದೆ. ತೂಕ ಎಷ್ಟು ಎಂದರೆ ಗೊತ್ತಿಲ್ಲ. ಜ್ವರ ಎಷ್ಟು ದಿನದಿಂದ ಎಂದರೆ ಮನೆಗೆ ಫೋನ್ ಮಾಡುತ್ತಾರೆ.

ನಾನು ಫಾರ್ಮಸಿಸ್ಟ್. ಕಾಯಿಲೆ ಇಂಥದ್ದೇ ಎಂದು ಹೇಳುವುದು ನನ್ನ ಕೆಲಸವಲ್ಲ, ಅದನ್ನು ವೈದ್ಯರು ಹೇಳಬೇಕು. ಆದರೆ ವೈದ್ಯರು ಬರೆದ ಸರಿಯಾದ ಔಷಧಿ ಮನೆಗೆ ಹೋದ ಮೇಲೆ ಎಲ್ಲಿ ಕೈಕೊಡುತ್ತದೆ, ಯಾರೂ ಬರೆಯದ ಔಷಧಿ ಹೇಗೆ ಚೀಲ ಸೇರುತ್ತದೆ ಎನ್ನುವುದು ಕೌಂಟರಿನ ಈಚೆ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಮಕ್ಕಳಿರುವ ಮನೆಯವರಿಗೆ ದಿನಾ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಮಗುವಿನ ತೂಕ ಗೊತ್ತಿರಲಿ

ಮಕ್ಕಳ ಔಷಧಿಯ ಲೆಕ್ಕ ಬಹುಪಾಲು ತೂಕದ ಮೇಲೆ ನಿಂತಿದೆ. ಪ್ಯಾರಾಸಿಟಮಾಲ್ ಆದರೆ ಒಂದು ಸಲಕ್ಕೆ ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಎರಡು ಡೋಸ್‌ಗಳ ನಡುವೆ 4ರಿಂದ 6 ಗಂಟೆ ಅಂತರ ಬೇಕು, 24 ಗಂಟೆಯಲ್ಲಿ 4 ಸಲ ದಾಟಬಾರದು. ಎರಡು ವರ್ಷ ತುಂಬಿದ ಮಕ್ಕಳಲ್ಲಿ ಒಂದು 9 ಕಿಲೋ ಇರುತ್ತದೆ, ಇನ್ನೊಂದು 14 ಕಿಲೋ ಇರುತ್ತದೆ. ಇಬ್ಬರಿಗೂ "ಎರಡು ವರ್ಷದ ಡೋಸ್" ಎಂದು ಒಂದೇ ಅಳತೆ ಹಾಕಿದರೆ ಒಬ್ಬರಿಗೆ ಕಡಿಮೆಯಾಗುತ್ತದೆ, ಇಲ್ಲವೇ ಇನ್ನೊಬ್ಬರಿಗೆ ಹೆಚ್ಚಾಗುತ್ತದೆ. ಅಂಗನವಾಡಿಯಲ್ಲಿ ತೂಕ ಮಾಡುತ್ತಾರೆ, ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಆ ಪುಟದ ಫೋಟೊ ಅಪ್ಪನ ಮೊಬೈಲಿನಲ್ಲೂ ಇರಲಿ, ಏಕೆಂದರೆ ಔಷಧಿಗೆ ಬರುವುದು ಹೆಚ್ಚಾಗಿ ಅಪ್ಪಂದಿರೇ.

2. ಒಂದೇ ಹೆಸರಿನಲ್ಲಿ ಮೂರು ಬಾಟಲಿ

ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಜ್ವರದ ಒಂದೇ ಬ್ರ್ಯಾಂಡಿನಲ್ಲಿ ಸಾಮಾನ್ಯವಾಗಿ ಮೂರು ಬಾಟಲಿ ಸಿಗುತ್ತವೆ. ಚಿಕ್ಕದು ಡ್ರಾಪ್ಸ್: ಅದರ 1 ಎಂಎಲ್‌ನಲ್ಲಿ 100 ಮಿಲಿಗ್ರಾಂ ಔಷಧಿ. ಎರಡನೆಯದು ಸಿರಪ್: 5 ಎಂಎಲ್‌ನಲ್ಲಿ 120 ಅಥವಾ 125 ಮಿಲಿಗ್ರಾಂ. ಮೂರನೆಯದು ದೊಡ್ಡ ಮಕ್ಕಳ ಸಿರಪ್: 5 ಎಂಎಲ್‌ನಲ್ಲಿ 250 ಮಿಲಿಗ್ರಾಂ. ಬಣ್ಣ, ವಾಸನೆ, ಡಬ್ಬಿಯ ಮೇಲಿನ ಚಿತ್ರ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ.

ಹತ್ತು ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150 ಮಿಲಿಗ್ರಾಂ ಬೇಕು. ಅಂದರೆ ಡ್ರಾಪ್ಸ್‌ನಲ್ಲಿ 1.5 ಎಂಎಲ್, 120ರ ಸಿರಪ್‌ನಲ್ಲಿ ಸುಮಾರು 6 ಎಂಎಲ್, 250ರ ಸಿರಪ್‌ನಲ್ಲಿ 3 ಎಂಎಲ್. ಕಳೆದ ಸಲ ಸಿರಪ್ ಕೊಟ್ಟಿದ್ದ ತಾಯಿ ಈ ಸಲ ಡ್ರಾಪ್ಸ್ ಬಾಟಲಿ ಕೈಗೆ ಬಂದಾಗ ಅದೇ ರೂಢಿಯಲ್ಲಿ 5 ಎಂಎಲ್ ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ, ಬೇಕಾದದ್ದರ ಮೂರು ಪಟ್ಟಿಗೂ ಹೆಚ್ಚು. ಪ್ಯಾರಾಸಿಟಮಾಲ್ ಅತಿಯಾದರೆ ಯಕೃತ್ತಿಗೆ ಪೆಟ್ಟು. ಮೊದಲ ದಿನ ಏನೂ ಗೊತ್ತಾಗದೆ ಇರಬಹುದು, ಅದೇ ಹೆಚ್ಚಿನ ಅಪಾಯ. ಇದರ ಉಲ್ಟಾ ಇನ್ನೂ ಜಾಸ್ತಿ ನಡೆಯುತ್ತದೆ. ಡ್ರಾಪ್ಸ್ ಅಳತೆಯ 1.5 ಎಂಎಲ್ ಅನ್ನು 120ರ ಸಿರಪ್‌ನಲ್ಲಿ ಕೊಟ್ಟರೆ ಸಿಗುವುದು ಬರೀ 36 ಮಿಲಿಗ್ರಾಂ. ಜ್ವರ ಇಳಿಯುವುದಿಲ್ಲ. "ಇದು ಕೆಲಸ ಮಾಡ್ಲಿಲ್ಲ, ಪವರ್ ಇರೋದು ಕೊಡಿ" ಎಂದು ಮರುದಿನ ಅಂಗಡಿಗೆ ಬರುತ್ತಾರೆ.

ಹಾಗಾಗಿ ಬಾಟಲಿ ಕೊಳ್ಳುವಾಗಲೇ ಹಿಂಬದಿ ತಿರುಗಿಸಿ, ಎಷ್ಟು ಎಂಎಲ್‌ಗೆ ಎಷ್ಟು ಮಿಲಿಗ್ರಾಂ ಎನ್ನುವ ಸಾಲು ಹುಡುಕಿ. ನಮ್ಮ ಮಗುವಿಗೆ ಈ ಬಾಟಲಿಯಲ್ಲಿ ಎಷ್ಟು ಎಂಎಲ್ ಎಂದು ಕೇಳಿ, ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಿ. ಇದು ನಮಗೆ ಅರ್ಧ ನಿಮಿಷದ ಕೆಲಸ.

3. ಅಡುಗೆಮನೆಯ ಚಮಚ ಅಡುಗೆಮನೆಯಲ್ಲೇ ಇರಲಿ

ಒಂದು ಮನೆಯ ಟೀ ಚಮಚ 3 ಎಂಎಲ್ ಹಿಡಿದರೆ ಇನ್ನೊಂದು ಮನೆಯದು 7 ಹಿಡಿಯುತ್ತದೆ. ಬಾಟಲಿಯ ಜೊತೆ ಬರುವ ಮುಚ್ಚಳದಲ್ಲಿ ಗೆರೆಗಳಿವೆ. ಸಣ್ಣ ಮಕ್ಕಳಿಗಾದರೆ ಸೂಜಿಯಿಲ್ಲದ 5 ಎಂಎಲ್ ಸಿರಿಂಜ್ ಇನ್ನೂ ಒಳ್ಳೆಯದು, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಬಹುದು. ಅದರ ಬೆಲೆ ಒಂದು ಚಾಕಲೇಟಿನಷ್ಟೂ ಇಲ್ಲ. ಸಸ್ಪೆನ್ಷನ್ ಎಂದು ಬರೆದ ಔಷಧಿಯನ್ನು ಪ್ರತಿ ಸಲವೂ ಚೆನ್ನಾಗಿ ಕುಲುಕಿ. ಕುಲುಕದಿದ್ದರೆ ಮೊದಲ ದಿನಗಳಲ್ಲಿ ಬರೀ ಸಿಹಿನೀರು, ಕೊನೆಯ ದಿನಗಳಲ್ಲಿ ತಳಕ್ಕಿಳಿದ ಔಷಧಿಯೆಲ್ಲ ಒಟ್ಟಿಗೆ ಹೋಗುತ್ತದೆ.

4. ಮಳೆಗಾಲದ ಜ್ವರಕ್ಕೆ "ಜೋರಾದ" ಔಷಧಿ ಕೇಳಬೇಡಿ

ಜೂನ್‌ನಿಂದ ನವೆಂಬರ್‌ವರೆಗೆ ಯಾವ ಜ್ವರ ಬಂದರೂ ಡೆಂಗಿ ಇರಬಹುದು ಎಂದುಕೊಂಡೇ ನಡೆಯಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ಡೆಂಗಿಯಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಆದರೆ ಜನ "ಪವರ್" ಎಂದು ಕೇಳುವುದು ಇವನ್ನೇ. ಮನೆಯಲ್ಲಿ ಉಳಿದ ಬಾಟಲಿಯಲ್ಲಿ ಪ್ಯಾರಾಸಿಟಮಾಲ್ ಜೊತೆ ಇವುಗಳಲ್ಲಿ ಒಂದು ಬೆರೆತಿರುವುದೂ ಉಂಟು. ನಿಮೆಸುಲೈಡ್ ಅಂತೂ 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2011ರಲ್ಲೇ ಸರ್ಕಾರ ನಿಷೇಧಿಸಿದೆ. ಆದರೂ "ಆಗೆಲ್ಲ ಕೊಡ್ತಿದ್ರಲ್ಲ" ಎಂದು ಕೇಳುವ ಹಿರಿಯರು ಇಂದಿಗೂ ಇದ್ದಾರೆ.

ಡೆಂಗಿಯಲ್ಲಿ ಮನೆಯವರು ಮೈಮರೆಯುವುದು ಜ್ವರ ಬಿಟ್ಟಾಗ. ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಮೈ ತಣ್ಣಗಾಗುತ್ತದೆ, ಮನೆಯವರು ಸಮಾಧಾನದಿಂದ ಉಸಿರು ಬಿಡುತ್ತಾರೆ. ಅಪಾಯದ ಗಳಿಗೆ ಶುರುವಾಗುವುದು ಆಗಲೇ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಪರಂಗಿ ಎಲೆ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು: ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಇದ್ದರೆ ನಮ್ಮ ಅಂಗಡಿಗೆ ಬರುವ ಅಗತ್ಯವೇ ಇಲ್ಲ, ನೇರ ವೈದ್ಯರ ಹತ್ತಿರ.

5. ಓಆರ್‌ಎಸ್: ಪೂರ್ತಿ ಪುಡಿ, ಪೂರ್ತಿ ನೀರು

ಮಕ್ಕಳ ಭೇದಿಗೆ ನಾವು ಮಾರುವ ಸಾಮಾನಿನಲ್ಲಿ ಇದಕ್ಕಿಂತ ಅಗ್ಗದ್ದೂ ಇಲ್ಲ, ಇದಕ್ಕಿಂತ ಹೆಚ್ಚು ಜೀವ ಉಳಿಸಿದ್ದೂ ಇಲ್ಲ. 1971ರಲ್ಲಿ ಬಂಗಾಳದ ಬೊಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಕುಡಿಸಿದರು. ಸಾವು ಇಳಿಯಿತು, ಲೋಕ ನಂಬಿತು. ಅಷ್ಟು ದೊಡ್ಡ ಔಷಧಿಯನ್ನು ನಾವು ಮನೆಯಲ್ಲಿ ಕೆಡಿಸುವ ಬಗೆ ಮಾತ್ರ ತೀರಾ ಸಣ್ಣದು: ಒಂದು ಲೀಟರಿನ ಪೊಟ್ಟಣ ಒಡೆದು, ಅದರಿಂದ ಒಂದು ಚಮಚ ತೆಗೆದು ಲೋಟಕ್ಕೆ ಹಾಕಿ, ಉಳಿದದ್ದನ್ನು ಮಡಚಿ ರಬ್ಬರ್ ಬ್ಯಾಂಡ್ ಸುತ್ತಿ ಇಡುತ್ತಾರೆ.

ಆ ಪುಡಿಯಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಹೇಳುತ್ತಿರುವ ಅಳತೆ ಇದು. ಕರುಳು ನೀರು ಹೀರಿಕೊಳ್ಳುವುದು ಸಕ್ಕರೆ, ಉಪ್ಪು ಈ ಹದದಲ್ಲಿ ಜೊತೆಯಾಗಿದ್ದರೆ. ಚಮಚದ ಅಂದಾಜಿಗೆ ಹದ ತಪ್ಪುತ್ತದೆ. ನೀರು ಕಡಿಮೆಯಾಗಿ ದ್ರಾವಣ ಗಟ್ಟಿಯಾದರೆ ಭೇದಿಯೇ ಹೆಚ್ಚಾಗಬಹುದು. ಒಂದು ಲೀಟರ್ ಪೊಟ್ಟಣಕ್ಕೆ ಒಂದು ಲೀಟರ್ ನೀರು. ಕಾಯಿಸಿ ಆರಿಸಿ, ಲೀಟರಿನ ಬಾಟಲಿಯಲ್ಲಿ ಅಳೆದು ಹಾಕಿ. ಅಷ್ಟು ಬೇಡವಾದರೆ 200 ಎಂಎಲ್‌ನ ಸಣ್ಣ ಪೊಟ್ಟಣ ಕೇಳಿ. ಕಲಸಿದ್ದು 24 ಗಂಟೆ ಮಾತ್ರ, ಉಳಿದರೆ ಚೆಲ್ಲಿ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ, ಚಮಚ ಚಮಚವಾಗಿ.

ಇನ್ನು ಟೆಟ್ರಾ ಪ್ಯಾಕಿನ ಕಥೆ. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಹೆಸರಿನಲ್ಲೇ ಓಆರ್‌ಎಸ್ ಎಂದು ಸೇರಿಸಿಕೊಂಡು ಔಷಧಿ ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿದ್ದವು. ಮಕ್ಕಳಿಗೆ ಇಷ್ಟ, ತಾಯಿಗೆ ನಿರಾಳ, ಅಂಗಡಿಗೆ ಲಾಭ. ಅವುಗಳಲ್ಲಿದ್ದ ಸಕ್ಕರೆ ಮಾತ್ರ ಮೇಲೆ ಹೇಳಿದ ಅಳತೆಯ ಹಲವು ಪಟ್ಟು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಳ ಕಾಲ ಇದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ), ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಕೂಡದೆಂದು ಆದೇಶಿಸಿತು. ಹೆಸರು ಬದಲಾದರೂ ಪ್ಯಾಕು ಅದೇ ತರಹ ಇರಬಹುದು. ಗುರುತಿಸುವುದು ಸುಲಭ: ಪ್ಯಾಕಿನ ಹಿಂದೆ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಲೈಸೆನ್ಸ್ ಸಂಖ್ಯೆ ಇದ್ದರೆ ಅದು ಆಹಾರ, ಔಷಧಿಯಲ್ಲ.

ಭೇದಿಗೆ ಓಆರ್‌ಎಸ್ ಜೊತೆ ವೈದ್ಯರು ಝಿಂಕ್ ಬರೆಯುತ್ತಾರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಮೂರನೇ ದಿನಕ್ಕೆ ಭೇದಿ ನಿಂತಿತೆಂದು ಝಿಂಕ್ ನಿಲ್ಲಿಸುವವರೇ ಹೆಚ್ಚು. ಉಳಿದ ಹನ್ನೊಂದು ದಿನದ ಮಾತ್ರೆ ಭೇದಿ ಮರುಕಳಿಸದಿರಲಿ ಎಂದು ಇರುವುದು.

6. ಕೆಮ್ಮಿನ ಸಿರಪ್ ಇಲ್ಲದೆಯೂ ಕೆಮ್ಮು ಹೋಗುತ್ತದೆ

2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಯ ರಾಸಾಯನಿಕ ಶೇ 48.6ರಷ್ಟಿತ್ತು. ಇರಬಹುದಾದ ಮಿತಿ ಶೇ 0.1. ಬಾಟಲಿ ನೋಡಿ, ರುಚಿ ನೋಡಿ ಇದನ್ನು ಪತ್ತೆ ಮಾಡಲು ತಾಯಿಗೂ ಆಗದು, ನನಗೂ ಆಗದು. ಅದು ಸರ್ಕಾರದ ಪ್ರಯೋಗಾಲಯಗಳ ಹೊಣೆ. ಆದರೆ ಬೇಡದ ಸಿರಪ್ ಕೊಡದೇ ಇರುವುದು ನಮ್ಮ ಕೈಯಲ್ಲಿದೆ. ಆ ಘಟನೆಯ ನಂತರ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಮತ್ತೆ ನೆನಪಿಸಿತು: ಎರಡು ವರ್ಷದೊಳಗಿನ ಮಕ್ಕಳಿಗೆ ನೆಗಡಿ-ಕೆಮ್ಮಿನ ಔಷಧಿ ಬರೆಯಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ. ಅದಕ್ಕೂ ಮೊದಲು, 2023ರ ಡಿಸೆಂಬರ್‌ನಲ್ಲೇ, ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಎರಡೂ ಇರುವ ಸಿರಪ್ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸಲ್ಲದು ಎಂಬ ಎಚ್ಚರಿಕೆಯನ್ನು ಲೇಬಲ್ಲಿನಲ್ಲೇ ಮುದ್ರಿಸಬೇಕೆಂದು ಆದೇಶವಾಗಿತ್ತು. ನೆಗಡಿಯ ಕೆಲವು ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಇರುತ್ತದೆ. ಜ್ವರದ ಸಿರಪ್ ಬೇರೆ ಕೊಟ್ಟರೆ ಡಬಲ್ ಡೋಸ್ ಆಯಿತು.

ಮೂಗಿಗೆ ಉಪ್ಪುನೀರಿನ ಡ್ರಾಪ್ಸ್, ಬೆಚ್ಚಗಿನ ನೀರು, ಒಂದು ವರ್ಷ ದಾಟಿದ ಮಗುವಾದರೆ ಮಲಗುವಾಗ ಅರ್ಧ ಚಮಚ ಜೇನು, ಬಹುಪಾಲು ಕೆಮ್ಮಿಗೆ ಇಷ್ಟು ಸಾಕು. ನೋಡಬೇಕಾದದ್ದು ಉಸಿರನ್ನು. ಮಗು ಅಳದೆ ಮಲಗಿರುವಾಗ ಅಂಗಿ ಮೇಲೆತ್ತಿ, ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40, ಇದನ್ನು ಮುಟ್ಟಿದರೆ ಅಥವಾ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ ಅದು ಸಿರಪ್‌ಗೆ ಬಗ್ಗುವ ಕೆಮ್ಮಲ್ಲ. ಆ ಹೊತ್ತೇ ಆಸ್ಪತ್ರೆ.

7. ಪುಡಿ ಬಾಟಲಿಯ ಆ್ಯಂಟಿಬಯಾಟಿಕ್

ಮಕ್ಕಳ ಆ್ಯಂಟಿಬಯಾಟಿಕ್ ಹಲವು ಸಲ ಒಣಪುಡಿಯಾಗಿ ಬರುತ್ತದೆ, ನೀರು ಮನೆಯಲ್ಲಿ ಬೆರೆಸಬೇಕು. ಬಾಟಲಿಯ ಮೇಲೆ ಬಾಣದ ಗುರುತು ಅಥವಾ ಗೆರೆ ಇರುತ್ತದೆ. ಮೊದಲು ಕುಲುಕಿ ಪುಡಿ ಸಡಿಲ ಮಾಡಿ. ಕಾಯಿಸಿ ಪೂರ್ತಿ ಆರಿದ ನೀರು ಅರ್ಧ ಹಾಕಿ ಮತ್ತೆ ಕುಲುಕಿ. ನೊರೆ ಇಳಿದ ಮೇಲೆ ಗೆರೆಯವರೆಗೆ ತುಂಬಿ. ನೊರೆ ಇರುವಾಗಲೇ ಗೆರೆ ನೋಡಿದರೆ ನೀರು ಕಡಿಮೆಯಾಗಿ ಔಷಧಿ ಗಟ್ಟಿಯಾಗುತ್ತದೆ. ಬಿಸಿನೀರು ಬೇಡ. ಕಲಸಿದ್ದು ಹೆಚ್ಚಿನವು ಒಂದು ವಾರ ಇರುತ್ತವೆ, ಫ್ರಿಜ್ ಬೇಕೋ ಬೇಡವೋ ಲೇಬಲ್ಲಿನಲ್ಲಿದೆ. ಅಂಗಡಿಯಲ್ಲೇ ಕಲಸಿಕೊಡಿ ಎಂದರೆ ನಾವು ಇಲ್ಲ ಅನ್ನುವುದಿಲ್ಲ.

ಹೋದ ಸಲ ಉಳಿದದ್ದನ್ನು ಈ ಸಲದ ನೆಗಡಿಗೆ ಕೊಡುವುದು, ತಮ್ಮನಿಗೆ ಬರೆದದ್ದನ್ನು ಅಣ್ಣನಿಗೆ ಕುಡಿಸುವುದು ಎಲ್ಲ ಊರಿನಲ್ಲೂ ಇದೆ. ನೆಗಡಿ ವೈರಸ್ಸಿನದು, ಅದಕ್ಕೆ ಆ್ಯಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಮಾತ್ರೆಯ ಶೀಟಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಕಂಡರೆ ಚೀಟಿ ಇಲ್ಲದೆ ಅದನ್ನು ಕೊಳ್ಳುವಂತಿಲ್ಲ ಎಂದರ್ಥ. ಕೆಲವಕ್ಕೆ 2014ರಿಂದ ಎಚ್1 ಪಟ್ಟಿಯ ನಿಯಮವೂ ಇದೆ, ರೋಗಿಯ ಮತ್ತು ವೈದ್ಯರ ಹೆಸರನ್ನು ನಾವು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಕೇಳಿದರೆ "ಪಕ್ಕದ ಅಂಗಡೀಲಿ ಕೇಳಲ್ಲ" ಎಂದು ಸಿಟ್ಟಾಗುವವರು ಈ ರಿಜಿಸ್ಟರನ್ನು ಒಮ್ಮೆ ನೋಡಬೇಕು.

8. ಟಾನಿಕ್ಕು, ಪುಡಿ, ಡಬ್ಬಿ

"ಮಗು ಊಟ ಮಾಡಲ್ಲ, ಟಾನಿಕ್ ಕೊಡಿ." ಅಂಗಡಿಯವನಿಗೆ ಇದಕ್ಕಿಂತ ಸಿಹಿಯಾದ ಮಾತಿಲ್ಲ. ಕಾರಣ ಹೇಳುತ್ತೇನೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದಕ್ಕೆ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡುತ್ತದೆ, ಅದರಲ್ಲಿ ನಮ್ಮ ಪಾಲು ಶೇ 16 ಎಂಬ ಲೆಕ್ಕವಿದೆ. ಆಹಾರದ ಲೈಸೆನ್ಸಿನಲ್ಲಿ ಬರುವ ಟಾನಿಕ್, ಪ್ರೋಟೀನ್ ಪುಡಿ, ಗಮ್ಮಿಗಳಿಗೆ ಅಂಥ ಕಟ್ಟುಪಾಡು ಇಲ್ಲ. ಮತ್ತೆ ಅದೇ 14 ಅಂಕಿ ಹುಡುಕಿ.

ಹಾಲಿಗೆ ಬೆರೆಸುವ ಪುಡಿಗಳ ವಿಷಯದಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಅವನ್ನು "ಹೆಲ್ತ್ ಡ್ರಿಂಕ್" ವಿಭಾಗದಿಂದ ತೆಗೆಯಿರಿ ಎಂದು ಸೂಚಿಸಿತು, ಅಂಥ ಒಂದು ವರ್ಗವೇ ನಮ್ಮ ಆಹಾರ ಕಾಯ್ದೆಯಲ್ಲಿ ಇಲ್ಲ. ಡಬ್ಬಿಯ ಹಿಂದಿನ ಕೋಷ್ಟಕದಲ್ಲಿ 100 ಗ್ರಾಂಗೆ ಸಕ್ಕರೆ ಎಷ್ಟು ಎಂಬ ಸಾಲನ್ನು ಮೊದಲು ಓದಿ, ವಿಟಮಿನ್‌ಗಳ ಉದ್ದ ಪಟ್ಟಿ ಆಮೇಲೆ. ನಮ್ಮ ಕಡೆ ರಾಗಿಗೆ ಬರವಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಸರಿಯನ್ನು ಆರು ತಿಂಗಳು ತುಂಬಿದ ಕೂಸಿಗೆ ಶುರು ಮಾಡಬಹುದು.

ಕೂಸಿನ ಹಾಲುಪುಡಿಯ ಬಗ್ಗೆ ಒಂದೇ ಮಾತು. 1992ರ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಹಾಲುಪುಡಿ, ಫೀಡಿಂಗ್ ಬಾಟಲಿಗಳಿಗೆ ಜಾಹೀರಾತು ಕೊಡುವಂತಿಲ್ಲ. ಅಂಗಡಿಯವನೇ ಮುಂದಾಗಿ "ಇದು ಒಳ್ಳೇದು" ಎಂದರೆ ಅನುಮಾನ ಪಡಿ. ವೈದ್ಯರು ಹೇಳಿ ಕೊಳ್ಳಬೇಕಾಗಿ ಬಂದರೆ, ಡಬ್ಬಿ ದುಬಾರಿ ಎಂದು ಪುಡಿ ಕಡಿಮೆ ಹಾಕಿ ನೀರು ಹೆಚ್ಚು ಮಾಡಬೇಡಿ. ಕೂಸು ಹೊಟ್ಟೆ ತುಂಬಿದಂತೆ ಕಂಡರೂ ಸೊರಗುತ್ತದೆ.

9. ಚೀಟಿ ಬೇಡದ ಅಪಾಯಗಳು

ಕರ್ಪೂರ ನುಂಗಿದ ಮಗುವಿಗೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ದೇವರ ಗೂಡಿನ ಡಬ್ಬಿ ಮೇಲಿನ ಹಲಗೆಯಲ್ಲಿರಲಿ, ಎರಡು ವರ್ಷದೊಳಗಿನ ಮಕ್ಕಳ ಎದೆಗೆ ಕರ್ಪೂರ ಕಾಯಿಸಿದ ಎಣ್ಣೆ ಬೇಡ. ಬೀರುವಿನಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೆ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕದೆ ಎಳೆಗೂಸಿಗೆ ಸುತ್ತಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸಿಗೆ ನುಸಿಗುಳಿಗೆಯ ನ್ಯಾಫ್ತಲೀನ್‌ನಿಂದ ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ಒಂದು ವರ್ಷದೊಳಗೆ ಜೇನು ನಾಲಿಗೆಗೂ ತಾಗದಿರಲಿ, ಬಾಟುಲಿಸಂ ಎಂಬ ವಿಷಬಾಧೆಯ ಬೀಜಾಣು ಅದರಲ್ಲಿರಬಹುದು. ಕಣ್ಣಿಗೆ ಕಾಡಿಗೆ ಬೇಡ, ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ದೃಷ್ಟಿ ಬೊಟ್ಟು ಕೆನ್ನೆಗೋ ಅಂಗಾಲಿಗೋ ಇಟ್ಟರೆ ಅಜ್ಜಿಗೂ ಸಮಾಧಾನ, ಕಣ್ಣಿಗೂ ಕ್ಷೇಮ.

10. ಶೀಟು, ಬಿಲ್ಲು, ಬೆಲೆ

ನಾಲ್ಕೇ ಮಾತ್ರೆ ಬೇಕಿದ್ದರೆ ಶೀಟು ಕತ್ತರಿಸಿ ಕೊಡುತ್ತೇವೆ. ಅವಧಿ ಮುಗಿಯುವ ದಿನಾಂಕ ನಿಮ್ಮ ತುಂಡಿನಲ್ಲಿ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ, ದಿನಾಂಕ ಬರೆಸಿ. ಬರೀ ತಿಂಗಳು ಅಚ್ಚಾಗಿದ್ದರೆ ಆ ತಿಂಗಳ ಕೊನೆಯ ದಿನದವರೆಗೂ ಬಳಸಬಹುದು. ಕಣ್ಣಿನ ಡ್ರಾಪ್ಸ್‌ಗೆ ಈ ಲೆಕ್ಕ ನಡೆಯುವುದಿಲ್ಲ, ಮುಚ್ಚಳ ತೆಗೆದ ಒಂದು ತಿಂಗಳಿಗೆ ಎಸೆಯಬೇಕು.

ಬಿಲ್ಲು ಕೇಳಿದರೆ ಮುಖ ಸಣ್ಣದು ಮಾಡುವ ಅಂಗಡಿ ಇದ್ದೀತು, ಆದರೂ ಕೇಳಿ. ಯಾವುದೋ ಬ್ಯಾಚಿನ ಔಷಧಿ ವಾಪಸ್ ಪಡೆಯುವ ಆದೇಶ ಬಂದಾಗ ನಿಮ್ಮ ಮನೆಯ ಬಾಟಲಿ ಅದೇ ಹೌದೋ ಅಲ್ಲವೋ ತಿಳಿಯುವುದು ಆ ಕಾಗದದಿಂದ. ಎಂಆರ್‌ಪಿಯಲ್ಲಿ ತೆರಿಗೆಯೆಲ್ಲ ಸೇರಿದೆ, ಮೇಲೆ ಕೇಳಿದರೆ ಕೊಡಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. ಬೆಲೆ ಭಾರವಾದರೆ ಬ್ರ್ಯಾಂಡಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಮೂಲ ಹೆಸರು ನೋಡಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಹಲವು ಔಷಧಿ ಅಲ್ಲಿ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತವೆ. ನಾನು ಅಂಗಡಿಯವನಾಗಿ ಇದನ್ನು ಹೇಳಬಾರದು, ಆದರೂ ಹೇಳಿದ್ದೇನೆ.

ಔಷಧಿ ಕುಡಿದ ಮೇಲೆ ಮೈಮೇಲೆ ದದ್ದು, ಮುಖ ಊದುವುದು, ಹೀಗೇನಾದರೂ ಆದರೆ ಔಷಧಿ ನಿಲ್ಲಿಸಿ, ಬಾಟಲಿ ಸಮೇತ ವೈದ್ಯರ ಹತ್ತಿರ ಹೋಗಿ. ಉಸಿರು ಕಟ್ಟಿದರೆ 108. ಆಮೇಲೆ ಬಿಡುವಾದಾಗ 1800-180-3024ಕ್ಕೆ ಫೋನ್ ಮಾಡಿ ತಿಳಿಸಿ. ಅದು ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕೇಂದ್ರದ ಉಚಿತ ಸಂಖ್ಯೆ, ವೈದ್ಯರಷ್ಟೇ ಅಲ್ಲದೆ ತಂದೆತಾಯಿಯೂ ಅಲ್ಲಿ ವರದಿ ಮಾಡಬಹುದು. ಬ್ಯಾಚ್ ಸಂಖ್ಯೆ ಕೇಳುತ್ತಾರೆ, ಬಾಟಲಿ ಎಸೆಯದೆ ಹತ್ತಿರ ಇಟ್ಟುಕೊಂಡಿರಿ.